ಹಳೆಯ ಕಂಪ್ಯೂಟರ್, ಹೊಸ ಕಂಪ್ಯೂಟರ್: ಕರೆಂಟಿನ ಲೆಕ್ಕ ಎಲ್ಲಿಂದ ಸುರುಮಾಡಬೇಕು?

ಕನ್ನಡ ಎಂ.ಎ. ಓದುವವರಿಗೆ ಕಂಪ್ಯೂಟರಿನ ಕರೆಂಟಿನ ಲೆಕ್ಕ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಸರಗೋಡಿನ ಹಳೆಯ ಕನ್ನಡ ಪುಸ್ತಕ, ಪತ್ರಿಕೆ, ಯಕ್ಷಗಾನ ಪ್ರಸಂಗಗಳನ್ನು ಕಂಪ್ಯೂಟರಿಗೆ ಏರಿಸಬೇಕು ಎಂದು ನಾವೆಲ್ಲ ಹೇಳುತ್ತೇವೆ. ಅದಕ್ಕೆ ಇರುವ ಯಂತ್ರ ಸಾಕೋ, ಹೊಸತು ಬೇಕೋ? "ಹಳತನ್ನು ಗುಜರಿಗೆ ಹಾಕಿ, ಹೊಸತಕ್ಕೆ ಕರೆಂಟು ಕಡಿಮೆ ಸಾಕು" ಎನ್ನುವ ಮಾತು ಅರ್ಧ ಮಾತ್ರ ಸತ್ಯ.

ಮೊದಲು ಆ ಅರ್ಧವನ್ನು ನೋಡೋಣ. 2004ರ ಪೆಂಟಿಯಂ 4 ಪ್ರೊಸೆಸರುಗಳಲ್ಲಿ ಕೆಲವಕ್ಕೆ ಇಂಟೆಲ್ ಸೂಚಿಸಿದ ಉಷ್ಣಮಿತಿ 115 ವ್ಯಾಟ್. 2023ರಲ್ಲಿ ಬಂದ ಎನ್100 ಪ್ರೊಸೆಸರಿಗೆ ಅದು ಬರೇ 6 ವ್ಯಾಟ್. ಕೆಲಸದಲ್ಲಿಯೂ ಇದೇ ಮುಂದೆ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರು ಸಣ್ಣದಾದಂತೆ ಅದನ್ನು ನಡೆಸಲು ಬೇಕಾದ ಶಕ್ತಿಯೂ ಇಳಿಯಿತು. ಮೇಲಾಗಿ, ಹೊಸ ಪ್ರೊಸೆಸರುಗಳು ಕೆಲಸವಿಲ್ಲದಾಗ ತಮ್ಮ ಭಾಗಗಳನ್ನು ತಾವೇ ಮಲಗಿಸುತ್ತವೆ. ನಮಗೆ ಮುಖ್ಯವಾದದ್ದು ಇದೇ. ನಾವು ಟೈಪ್ ಮಾಡುವಾಗ ಎರಡು ಅಕ್ಷರಗಳ ನಡುವೆ ಯಂತ್ರ ಹೆಚ್ಚಿನಂಶ ಸುಮ್ಮನೆ ಕಾಯುತ್ತಿರುತ್ತದೆ.

ಈಗ ಒಂದು ಅಂದಾಜು ಲೆಕ್ಕ. ದಪ್ಪ ಮಾನಿಟರಿನ ಹಳೆಯ ಡೆಸ್ಕ್‌ಟಾಪಿಗೆ 120 ವ್ಯಾಟ್, ಹೊಸ ಲ್ಯಾಪ್‌ಟಾಪಿಗೆ 20 ವ್ಯಾಟ್ ಎಂದು ಹಿಡಿಯೋಣ. ದಿನಕ್ಕೆ 5 ಗಂಟೆ, ವರ್ಷಕ್ಕೆ 200 ದಿನ ಎಂದರೆ 1000 ಗಂಟೆ. ಹಳತಕ್ಕೆ 120 ಯೂನಿಟ್, ಹೊಸತಕ್ಕೆ 20. ಉಳಿತಾಯ 100 ಯೂನಿಟ್. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಇದು 70 ಕಿಲೋ. ಆದರೆ ಹೊಸ ಲ್ಯಾಪ್‌ಟಾಪನ್ನು ತಯಾರಿಸುವಾಗಲೇ 200 ಕಿಲೋ ಹೊರಬಿದ್ದಿದೆ ಎಂದಿಟ್ಟುಕೊಂಡರೆ, ಆ ಸಾಲ ತೀರಲು ಸುಮಾರು ಮೂರು ವರ್ಷ ಬೇಕು. ದಿನಕ್ಕೆ ಒಂದೇ ಗಂಟೆ ಬಳಸುವುದಾದರೆ ಹದಿನಾಲ್ಕು ವರ್ಷ! ಹಳತು ಡೆಸ್ಕ್‌ಟಾಪ್ ಅಲ್ಲ, 35 ವ್ಯಾಟಿನ ಲ್ಯಾಪ್‌ಟಾಪ್ ಆದರೆ, 5 ಗಂಟೆ ಬಳಸಿದರೂ ಸುಮಾರು ಹತ್ತೊಂಬತ್ತು ವರ್ಷ. ಅಷ್ಟರೊಳಗೆ ಹೊಸತೇ ಹಳತಾಗಿರುತ್ತದೆ.

ಹಾಗಾದರೆ ಹಳೆಯ ಡೆಸ್ಕ್‌ಟಾಪನ್ನೇ ಇಟ್ಟುಕೊಳ್ಳಬೇಕೇ? ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಗಂಟೆ. ಮುಕ್ಕಾಲು ಪಾಲು ಕೈಗೆ ಸಿಕ್ಕಿದರೆ 1350. ಐದು ಹಳೆಯ ಡೆಸ್ಕ್‌ಟಾಪುಗಳು ಅದರಲ್ಲಿ ಎರಡೂಕಾಲು ಗಂಟೆ ನಡೆದಾವು. ಐದು ಲ್ಯಾಪ್‌ಟಾಪುಗಳು ಹದಿಮೂರೂವರೆ ಗಂಟೆ. ಜೂನ್-ಜುಲೈಯಲ್ಲಿ ಕೆಲಸ ನಿಲ್ಲಬಾರದು ಎಂದಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಯಂತ್ರ ಹಾಳಾಗದೆಯೂ ಮೂಲೆ ಸೇರುವುದುಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಲವು ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಆದರೆ ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವಾದ ಲಿನಕ್ಸ್ ಹೊಸತಲ್ಲ. ಕೈಟ್ ಸಂಸ್ಥೆ ಅದನ್ನೇ ಸಿದ್ಧಪಡಿಸಿ ಕೊಡುತ್ತದೆ. ಇನ್ನು, ನುಡಿ, ಬರಹದ ಹಳೆಯ ಫಾಂಟುಗಳಲ್ಲಿರುವ ಕಡತ ತೆರೆಯಲೆಂದೇ ಹಳೆಯ ಯಂತ್ರ ಇಟ್ಟುಕೊಂಡವರಿದ್ದಾರೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಯಂತ್ರಕ್ಕೂ ಬಿಡುಗಡೆ, ಪಠ್ಯಕ್ಕೂ ಆಯುಷ್ಯ.

ಆದ್ದರಿಂದ ನನ್ನ ಸಲಹೆ ಇಷ್ಟು: ಇಡೀ ದಿನ ದುಡಿಯುವ ಹಳೆಯ ಡೆಸ್ಕ್‌ಟಾಪನ್ನು ಮೊದಲು ಬದಲಿಸೋಣ. ಸಾಧ್ಯವಾದರೆ ಬಳಸಿದ ಲ್ಯಾಪ್‌ಟಾಪನ್ನೇ ಕೊಳ್ಳೋಣ. ಅಪರೂಪಕ್ಕೆ ಬಳಸುವುದನ್ನು ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸೋಣ. ಯಂತ್ರದ ವಯಸ್ಸಿಗಿಂತ ಅದು ದುಡಿಯುವ ಗಂಟೆಗಳನ್ನು ಮೊದಲು ಕೇಳಬೇಕು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.