ಪುಸ್ತಕದಲ್ಲಿ ಬರೆದ ಹೆಸರು



ಆಗಸ್ಟ್ 10ರಂದು ನಾವು ಸಂತ ಲಾರೆನ್ಸರ ಹಬ್ಬವನ್ನು ಆಚರಿಸುತ್ತೇವೆ. ರೋಮಿನ ಧರ್ಮಸಭೆಯ ಸ್ವತ್ತನ್ನು ನೋಡಿಕೊಂಡು ಬಡವರಿಗೆ ಹಂಚುತ್ತಿದ್ದ ಅವರು 258ರಲ್ಲಿ ರಕ್ತಸಾಕ್ಷಿಯಾದರು. ಲೆಕ್ಕ ಬರೆಯುವುದೂ ದೇವರ ಸೇವೆಯೇ ಎಂಬುದನ್ನು ಅವರ ಬದುಕು ತೋರಿಸುತ್ತದೆ.

ನಮ್ಮ ಬಳ್ಳಾರಿ ಧರ್ಮಕ್ಷೇತ್ರದ ರಾಯಚೂರು ಸೀಮೆಯಲ್ಲಿ, ನೀರಮಾನ್ವಿಯ ಸುತ್ತಮುತ್ತ, ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ. ಮಗನಿಗೆ ಬೆಂಗಳೂರಿನಲ್ಲಿ ಮದುವೆ ಗೊತ್ತಾದರೆ ಅಲ್ಲಿನ ಗುರುಗಳು ಮೊದಲು ಕೇಳುವುದು ಜ್ಞಾನಸ್ನಾನದ ಪತ್ರ. ಪುಸ್ತಕದಲ್ಲಿ ತಂದೆಯ ಹೆಸರು ತಪ್ಪಿದ್ದರೆ ಮದುವೆಯೇ ಮುಂದಕ್ಕೆ ಹೋಗಬಹುದು.

ಇಷ್ಟೊಂದು ಕಟ್ಟುನಿಟ್ಟು ಏಕೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳಿರಬೇಕು. ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಗುರುತಿಸಬೇಕು. ಬೇರೆ ಊರಿನಲ್ಲಿ ಮದುವೆಯಾದರೆ ಅಲ್ಲಿಂದ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಹೀಗಾಗಿ ಒಬ್ಬರಿಗೆ ಮೊದಲೇ ಮದುವೆಯಾಗಿದೆಯೇ ಎಂಬುದು ಆ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ. ಮದುವೆಗೆ ಪೆಟ್ಟಿಗೆಯಲ್ಲಿಟ್ಟ ಹಳೆಯ ಪತ್ರ ಸಾಲದು, ಹೊಸದಾಗಿ ಬರೆಸಿದ್ದೇ ಬೇಕು ಎನ್ನುವುದು ಇದಕ್ಕಾಗಿಯೇ.

ಕಾಣಿಕೆಯ ವಿಷಯವೂ ಹಾಗೆಯೇ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಬೇಕು (537), ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು (1287). ಲೆಕ್ಕ ಕೇಳುವುದು ಅನುಮಾನವಲ್ಲ, ಕೊಡುವುದು ಅವಮಾನವಲ್ಲ.

ಕಚೇರಿಯಲ್ಲಿ ಕುಳಿತು ಬರೆಯುವವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರಿಗೆ ನಾವು ಮಾಡಬಹುದಾದ ಸಹಾಯ ಇಷ್ಟೇ: ಮಗುವಿನ ಜ್ಞಾನಸ್ನಾನದ ದಿನ ಹೆಸರು, ತಾರೀಖುಗಳನ್ನು ಓದಿಸಿ ಕೇಳೋಣ, ಊರು ಬಿಡುವಾಗ ಒಂದು ಮಾತು ತಿಳಿಸಿ ಹೋಗೋಣ. ನಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆಯೆಂದು ಸಂತೋಷಪಡಲು ಯೇಸುಸ್ವಾಮಿ ಕಲಿಸಿದರು (ಲೂಕ 10:20). ಇಲ್ಲಿಯೂ ಅವನ್ನು ತಪ್ಪಿಲ್ಲದೆ ಬರೆಸೋಣ.