ಹಗೇವಿನ ತಂಪೂ ಗೊಬ್ಬರದ ಗುಂಡಿಯ ಬಿಸಿಯೂ

ನೆಲವನ್ನು ಅಗೆದಷ್ಟೂ ತಂಪು ಎಂಬ ನಂಬಿಕೆಯು ಗ್ರಾಮಗಳಲ್ಲಿ ಸಾಮಾನ್ಯವಾಗಿದೆ. ಇದು ಪೂರ್ಣ ಸತ್ಯವಲ್ಲ. ಮೇಲ್ಮಣ್ಣು ಹಗಲು ಕಾದು ರಾತ್ರಿ ಆರುವುದು. ಸುಮಾರು 3 ಅಡಿಗಳ ಕೆಳಗೆ ಈ ವ್ಯತ್ಯಾಸವು ಹೆಚ್ಚಾಗಿ ಮುಟ್ಟುವುದಿಲ್ಲ. 30 ಅಡಿಗಳ ಆಳದಲ್ಲಿ ಬೇಸಗೆ ಚಳಿಗಾಲಗಳ ಭೇದವೂ ಬಹುಮಟ್ಟಿಗೆ ಅಡಗಿ, ಆ ಸೀಮೆಯ ಗಾಳಿಯ ವರ್ಷದ ಸರಾಸರಿಗೆ ಸಮೀಪವಾದ ಉಷ್ಣಮಾನವು ನೆಲೆಸಿರುವುದು. ಬೆಂಗಳೂರಿನ ಸುತ್ತ ಈ ಸರಾಸರಿಯು ಸೆಂಟಿಗ್ರೇಡಿನ ಸುಮಾರು 24 ಡಿಗ್ರಿ. ಬಾವಿಯ ನೀರು ಮಾಗಿಯ ಬೆಳಗ್ಗೆ ಬೆಚ್ಚಗೂ ಬೇಸಗೆಯ ಮಧ್ಯಾಹ್ನ ತಣ್ಣಗೂ ತೋರುವುದು ಇದರಿಂದಲೇ.

ಬರಿದಾದ ಗುಂಡಿಯ ವಿಷಯ ಇಷ್ಟೇ. ತುಂಬಿದ ಗುಂಡಿಯ ಉಷ್ಣವಾದರೋ ಅದರಲ್ಲಿಟ್ಟ ಪದಾರ್ಥವನ್ನೂ ಅದಕ್ಕೆ ದೊರೆಯುವ ಗಾಳಿಯನ್ನೂ ಅನುಸರಿಸುವುದು. ಕಸಕಡ್ಡಿ ಸಗಣಿಗಳನ್ನು ಹದವಾದ ತೇವದಿಂದ ತುಂಬಿದಾಗ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿಕೊಳ್ಳುತ್ತ ಶಾಖವನ್ನುಂಟುಮಾಡುತ್ತವೆ. ಗಾಳಿಯು ಚೆನ್ನಾಗಿ ಆಡಿದರೆ ಕೆಲವೇ ದಿನಗಳಲ್ಲಿ ಉಷ್ಣಮಾನವು 60 ಡಿಗ್ರಿಗಳನ್ನು ದಾಟುವುದು. ಕಳೆಯ ಬೀಜಗಳೂ ನೊಣದ ಹುಳುಗಳೂ ಬಹುಪಾಲು ಸಾಯುವುವು. ಸರ್ ಆಲ್ಬರ್ಟ್ ಹೋವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ ರೂಪಿಸಿದ ಕ್ರಮದಲ್ಲಿ ಗೊಬ್ಬರವನ್ನು ಆಗಾಗ್ಗೆ ತಿರುವಿಹಾಕುವುದು ಈ ಗಾಳಿಗಾಗಿಯೇ. ಗುಂಡಿ ತೀರ ಆಳವಾದರೆ ತಳಕ್ಕೆ ಗಾಳಿಯಿಲ್ಲದೆ ಕಸವು ತಣ್ಣಗೆ ಕೊಳೆತು ನಾರುವುದು. ಎರಡು ಮೂರು ಅಡಿ ಆಳವೇ ಸಾಕು.

ಹಗೇವಿನಲ್ಲಿ ಬೇಕಾದುದು ಇದಕ್ಕೆ ವಿರುದ್ಧ. ಈಗ ಹಗೇವುಗಳು ವಿರಳವಾಗಿದ್ದರೂ ಹಳೆಯವು ಹಲವು ಊರುಗಳಲ್ಲಿ ಉಳಿದಿವೆ. ಕಾಳು ಸಹ ಉಸಿರಾಡುವ ವಸ್ತು. ಚೆನ್ನಾಗಿ ಒಣಗಿದ ರಾಗಿಯ ಉಸಿರು ಅತ್ಯಲ್ಪ. ಹಸಿ ರಾಗಿಯಾದರೆ ಉಸಿರಾಟವೂ ಬೂಷ್ಟೂ ಸೇರಿ ರಾಶಿಯು ಒಳಗೇ ಬಿಸಿಯೇರಿ ಮುಗ್ಗುವುದು. ಬಾಯನ್ನು ಭದ್ರವಾಗಿ ಮುಚ್ಚಿದಲ್ಲಿ ಕಾಳೂ ಹುಳುವೂ ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಹುಳುವು ಉಸಿರುಕಟ್ಟಿ ಸಾಯುವುದು.

ಹುಳುವನ್ನು ಕೊಂದ ಗಾಳಿಯು ಮನುಷ್ಯನನ್ನೂ ಕೊಲ್ಲುವುದು. ಇಂಗಾಲಾಮ್ಲ ವಾಯುವು ಸ್ವಭಾವತಃ ಭಾರವಾದದ್ದು. ಅಲ್ಲದೆ ಬೇಸಗೆಯಲ್ಲಿ ಹಗೇವಿನ ಗಾಳಿಯು ಹೊರಗಿನದಕ್ಕಿಂತ ತಂಪು, ಆದುದರಿಂದ ಮತ್ತಷ್ಟು ಭಾರ; ಬಾಯಿ ತೆರೆದರೂ ಅದು ತಾನಾಗಿ ಮೇಲೇಳದೆ ತಳದಲ್ಲೇ ನಿಲ್ಲುವುದು. ಚಳಿಗಾಲದ ರಾತ್ರಿಯಲ್ಲಿ ಒಳಗಿನ ಬೆಚ್ಚನೆಯ ಗಾಳಿಯು ಕೊಂಚ ಮೇಲೆದ್ದೀತು; ಅದನ್ನು ನಂಬತಕ್ಕದ್ದಲ್ಲ. ಒಬ್ಬನು ಇಳಿದು ಬಿದ್ದೊಡನೆ ಅವನನ್ನೆತ್ತಲು ಇನ್ನೊಬ್ಬನು ಇಳಿದು ಇಬ್ಬರೂ ಹೋಗುವುದು ಇಂಥ ಅಪಘಾತಗಳ ಸಾಮಾನ್ಯ ರೀತಿ.

ಆದುದರಿಂದ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಮ್ಮ ಸಮ್ಮುಖದಲ್ಲಲ್ಲದೆ ಹಗೇವನ್ನು ತೆರೆಯಗೊಡಬಾರದು. ಸಾಧ್ಯವಾದಷ್ಟು ಕಾಳನ್ನು ಮೇಲಿನಿಂದಲೇ ತೆಗೆಯತಕ್ಕದ್ದು. ಇಳಿಯಲೇಬೇಕಾದರೆ ಒಂದು ದಿನ ಬಾಯಿ ತೆರೆದಿಟ್ಟು, ಗಾಳಿಯಂತ್ರದಿಂದ ಕೊಳವೆಯ ಮೂಲಕ ತಳದವರೆಗೆ ಹೊಸ ಗಾಳಿಯನ್ನು ಹಾಯಿಸಿ, ಇಳಿಯುವವನ ಮೈಗೆ ಹಗ್ಗ ಕಟ್ಟಿ ಮೇಲೆ ಬಲವಾದ ಆಳುಗಳನ್ನು ನಿಲ್ಲಿಸತಕ್ಕದ್ದು. ದೀಪವನ್ನಿಳಿಸಿ ನೋಡುವ ಪದ್ಧತಿಯುಂಟು; ದೀಪ ಆರಿದರೆ ಇಳಿಯಕೂಡದೆಂಬುದು ನಿಶ್ಚಯ, ಉರಿದರೆ ಅಪಾಯವಿಲ್ಲವೆಂಬುದು ನಿಶ್ಚಯವಲ್ಲ. ಒಳಗೆ ಬಿದ್ದವನನ್ನು ಹಗ್ಗದಿಂದ ಎಳೆಯಲಾಗದಿದ್ದಲ್ಲಿ ಅಗ್ನಿಶಾಮಕ ದಳಕ್ಕೆ ತಿಳಿಸಿ, ಅವರು ಬರುವವರೆಗೆ ಮತ್ತಾರನ್ನೂ ಇಳಿಯಗೊಡದೆ ತಡೆಯತಕ್ಕದ್ದು.