ಕಾಂತವಶ್ಯ ದ್ರವವೂ ಕಂಪಶಮನವೂ

ಇಂಗ್ಲಿಷಿನ ‘ಸ್ಮಾರ್ಟ್ ಫ್ಲೂಯಿಡ್’, ‘ಸೆಮಿ-ಆಕ್ಟಿವ್’ ಎಂಬ ಪದಗಳನ್ನು ‘ಜಾಣ ದ್ರವ’, ‘ಅರ್ಧಸಕ್ರಿಯ’ ಎಂದು ಪರಿವರ್ತಿಸಿದರೆ ಶಬ್ದವು ದೊರೆಯುತ್ತದೆ, ಅರ್ಥವು ತಪ್ಪುತ್ತದೆ. ವಸ್ತುವಿನ ಸ್ವಭಾವವನ್ನು ನೋಡಿದ ಹೊರತು ಸಂಜ್ಞೆಯನ್ನು ನಿರ್ಣಯಿಸಲಾಗದು.

ಎಣ್ಣೆಯಲ್ಲಿ ಅತಿಸೂಕ್ಷ್ಮವಾದ ಕಬ್ಬಿಣದ ಕಣಗಳನ್ನು ಕಲಸಿದುದೇ ಈ ದ್ರವ. ಕಣದ ಅಡ್ಡಳತೆಯು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 1ರಿಂದ 10 ಪಾಲು. ಕಾಂತಕ್ಷೇತ್ರವಿಲ್ಲದಾಗ ಇದು ಎಣ್ಣೆಯಂತೆ ಹರಿಯುವುದು. ಕ್ಷೇತ್ರವು ಒದಗಿದೊಡನೆ ಕಣಗಳು ಒಂದಕ್ಕೊಂದು ತಗುಲಿ ಸರಪಣಿಗಳಾಗಿ ನಿಲ್ಲುತ್ತವೆ. ಆ ಸರಪಣಿಗಳು ಮುರಿಯುವಷ್ಟು ಬಲ ಬೀಳುವವರೆಗೆ ದ್ರವವು ಕದಲದು. ಕ್ಷೇತ್ರವು ತೊಲಗಿದರೆ ಮತ್ತೆ ಎಣ್ಣೆಯೇ. ಈ ಪರಿವರ್ತನೆಗೆ ಕೆಲವು ಮಿಲಿಸೆಕೆಂಡುಗಳು ಸಾಕು. 1948ರಲ್ಲಿ ಅಮೆರಿಕದ ಜೇಕಬ್ ರ‍್ಯಾಬಿನೋ ಎಂಬವರು ಇದನ್ನು ಬಳಕೆಗೆ ತಂದರು. ಇಲ್ಲಿ ಜಾಣತನವು ದ್ರವದಲ್ಲಿಲ್ಲ, ವಿದ್ಯುತ್ತನ್ನು ಹರಿಸುವ ನಿಯಾಮಕದಲ್ಲಿದೆ. ಆದಕಾರಣ ‘ಕಾಂತವಶ್ಯ ದ್ರವ’ವೆಂಬ ಹೆಸರೇ ಯುಕ್ತ.

ಇನ್ನು ‘ಅರ್ಧ’ದ ವಿಚಾರ. ಪಾಳೆಯಗಾರರ ನೆಲೆಯೆಂದು ಇತಿಹಾಸಜ್ಞರಿಗೆ ಪರಿಚಿತವಾದ ಸುಗಟೂರಿನಿಂದ ಕೋಲಾರಕ್ಕೆ ಒಂದು ಬಸ್ಸು ಹೊರಟಿದೆಯೆಂದು ಭಾವಿಸಬಹುದು. ಅದರ ಒಡಲಿಗೂ ಗಾಲಿಗೂ ನಡುವೆ ಸ್ಪ್ರಿಂಗೂ, ಈ ದ್ರವವನ್ನು ತುಂಬಿದ ಶಾಮಕವೂ ಇವೆ. ಶಾಮಕದ ಪಿಸ್ಟನ್ನಿನಲ್ಲಿ ಕಿರಿದಾದ ಹಾದಿ, ಅದರ ಬಳಿ ತಂತಿಯ ಸುರುಳಿ. ಒಡಲು ಮೇಲಕ್ಕೇಳುತ್ತ ಗಾಲಿಯಿಂದ ದೂರ ಸರಿಯುವಾಗ ಶಾಮಕವು ಅದನ್ನು ಕೆಳಕ್ಕೆಳೆಯುತ್ತದೆ. ಬೇಕಾದದ್ದೂ ಇದೇ, ಆಗ ವಿದ್ಯುತ್ತನ್ನು ಹರಿಸಿ ದ್ರವವನ್ನು ಬಿಗಿಗೊಳಿಸಬೇಕು. ಒಡಲು ಏಳುತ್ತಿರುವಾಗಲೇ ಗಾಲಿಯು ದಿಣ್ಣೆಯನ್ನು ಹತ್ತಿ ಅದಕ್ಕಿಂತ ವೇಗವಾಗಿ ಮೇಲೆ ಬಂದರೋ, ಅದೇ ಶಾಮಕವು ಒಡಲನ್ನು ಇನ್ನಷ್ಟು ಮೇಲಕ್ಕೆ ನೂಕುವುದು. ಆಗ ವಿದ್ಯುತ್ತನ್ನು ನಿಲ್ಲಿಸಿ ಸಡಿಲಬಿಡಬೇಕು. ಒಡಲು ಇಳಿಯುವಾಗಲೂ ಇದೇ ನ್ಯಾಯ. ಒಡಲನ್ನು ನೆಲಕ್ಕಲ್ಲದೆ ಆಕಾಶಕ್ಕೆ ಬಿಗಿದಂತೆ ಭಾವಿಸುವ ಈ ತತ್ತ್ವವನ್ನು 1974ರಲ್ಲಿ ಕಾರ್ನಪ್, ಕ್ರಾಸ್ಬಿ, ಹಾರ್ವುಡ್ ಎಂಬವರು ನಿರೂಪಿಸಿದರು. ತ್ರಿಶಂಕುವನ್ನು ಬಲ್ಲವರಿಗೆ ಈ ಕಲ್ಪನೆಯು ಹೊಸದೆನಿಸದು.

ಹೀಗೆ ಈ ಶಾಮಕವು ಚಲನೆಯನ್ನು ತಡೆಯಬಲ್ಲುದಲ್ಲದೆ ತಾನಾಗಿ ಚಲನೆಯನ್ನು ಹುಟ್ಟಿಸಲಾರದು. ಪೂರ್ಣಸಕ್ರಿಯ ಯಂತ್ರವು ಹೊರಗಿನಿಂದ ಶಕ್ತಿಯನ್ನು ತಂದು ನೂಕುತ್ತದೆ; ಲೆಕ್ಕವು ತಪ್ಪಿದರೆ ಕಂಪನವನ್ನೇ ಬೆಳೆಸೀತು. ಇದು ಒಡಲಿನ ಚಲನಶಕ್ತಿಯನ್ನು ಶಾಖವಾಗಿ ಕಳೆಯುವುದಷ್ಟೆ. ವಿದ್ಯುತ್ತು ನಿಂತುಹೋದರೂ ಸಾಮಾನ್ಯ ಶಾಮಕವಾಗಿ ಉಳಿಯುತ್ತದೆ. ಇದು ಸಕ್ರಿಯತೆಯ ಅರ್ಧಭಾಗವಲ್ಲ, ಬೇರೊಂದು ಜಾತಿ. ‘ನಿಯಮ್ಯರೋಧ’ವೆಂದರೆ ವಿದ್ಯಾರ್ಥಿಗೆ ಭ್ರಾಂತಿಯಿರದು.

ಚೀನಾದ ದೊಂಗ್‌ಟಿಂಗ್ ಸರೋವರದ ಸೇತುವೆಯಲ್ಲಿ ಗಾಳಿಮಳೆಗೆ ತುಯ್ಯುವ ಹಗ್ಗಗಳನ್ನು 2002ರಲ್ಲಿ ಇಂಥ ಶಾಮಕಗಳಿಂದ ನಿಲ್ಲಿಸಲಾಯಿತು. ಕರ್ಣಾಟಕದಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಇವುಗಳ ಮೇಲೆ ಪ್ರಯೋಗಗಳು ನಡೆದಿವೆ. ದ್ರವಕ್ಕೆ ದೊಡ್ಡ ಶತ್ರುವೆಂದರೆ ಗುರುತ್ವವೇ: ಕಬ್ಬಿಣವು ಎಣ್ಣೆಗಿಂತ ಸುಮಾರು ಎಂಟು ಪಟ್ಟು ಸಾಂದ್ರವಾದುದರಿಂದ, ಬಹುಕಾಲ ಅಲುಗದೆ ನಿಂತ ಶಾಮಕದಲ್ಲಿ ಕಣಗಳು ತಳಕ್ಕಿಳಿದು ಗಸಿಯಾಗುತ್ತವೆ. ದಿನವೂ ಓಡುವ ಬಸ್ಸಿನಲ್ಲಿ ಈ ತೊಡಕು ಕಡಮೆ. ಭೂಕಂಪಕ್ಕಾಗಿ ವರ್ಷಗಟ್ಟಲೆ ಕಾದಿರಬೇಕಾದ ಕಟ್ಟಡದಲ್ಲಿ ಹೆಚ್ಚು.